ಕಾವಲು ಇಲಿ

ಮುಪ್ಪಿನ ಸಂಶೋಧನೆಗೆ ಸಾಕಿದ ಇಲಿಗಳು ಸತ್ತಾಗಲೆಲ್ಲ ಗೈಡ್ ಪುರಂದರ ಸರ್ "ಅವಕ್ಕೆ ವಯಸ್ಸಾಯಿತು" ಎನ್ನುತ್ತಿದ್ದರು. ಸಂಶಯವಿದ್ದರೂ ಪಿಎಚ್‌ಡಿ ಆಸೆಗೆ ಪೂಜಾಶ್ರೀ ಬಾಯಿ ಮುಚ್ಚಿಕೊಂಡಿದ್ದಳು. ಇವತ್ತು ಸತ್ತದ್ದು ಕಾವಲು ಇಲಿ. ಗೂಡುಗಳಲ್ಲಿ ಸೋಂಕಿದ್ದರೆ ತಿಳಿಯಲೆಂದೇ ಮುದಿ ಇಲಿಗಳು ಕೊಳಕು ಮಾಡಿದ ಮರದ ಹೊಟ್ಟಿನ ಮೇಲೆ ಬಿಟ್ಟಿದ್ದ ಎಳೆಯ ಇಲಿ ಅದು.

"ಇದಕ್ಕೂ ವಯಸ್ಸಾಯಿತಾ ಸರ್?"

"ಅದರ ಜಾಗಕ್ಕೆ ಬೇರೆ ಮರಿ ಬಿಡು ಮಾರಾಯ್ತಿ. ಸೋಂಕು ಅಂತ ಗೊತ್ತಾದರೆ ಎಲ್ಲವನ್ನೂ ಕೊಲ್ಲಬೇಕು. ನಿನ್ನ ಥೀಸಿಸ್ ಹೋಗ್ತದೆ, ನನಗೆಂತ?"

"ನಿಮ್ಮ ಮದ್ದು ತಿಂದ ಇಲಿ ಹೆಚ್ಚು ಬದುಕ್ತದೆ ಅಂತ ನೀವು ಪೇಪರಿನಲ್ಲಿ ಬರೆದದ್ದೂ ಹೋಗ್ತದೆ."

ಸರ್ ನಕ್ಕರು. "ಊರಿಗೆ, ಪುತ್ತಿಗೆಗೆ ಹೋಗಿ ಅಮ್ಮನಿಗೆ ಎಂತ ಹೇಳ್ತಿ?"

ಅವಳ ಮೈ ಉರಿಯಿತು. ಮೂರು ವರ್ಷ ತಾನು ಮೇವು ಹಾಕಿದ್ದು ಇವರ ಸುಳ್ಳಿಗೆ. ಸತ್ತ ಇಲಿಯನ್ನು ಮಂಜುಗಡ್ಡೆಯ ಡಬ್ಬಿಗೆ ಹಾಕಿದಳು.

"ಥೀಸಿಸ್ ಹೋಯಿತು ಅಂತಲೇ ಹೇಳ್ತೇನೆ. ಇದು ಇವತ್ತೇ ಮಂಗಳೂರಿಗೆ ಪರೀಕ್ಷೆಗೆ ಹೋಗ್ತದೆ."