ನಡುನೀರಿನಲ್ಲಿ ಸೋಲುತ್ತಿದ್ದ ಮೋಟಾರು

ಅಂಬಿಗನ ದೋಣಿಯ ಮೋಟಾರಿಗೆ ಇಪ್ಪತ್ತೆರಡು ವರ್ಷ. ಅವನ ಮಗಳಿಗಿಂತ ಒಂದೇ ವರ್ಷ ಚಿಕ್ಕದು. ಹಗ್ಗ ಎಳೆದ ಕೂಡಲೇ ಗುರ್ ಎಂದು ಎದ್ದು, ಈಚೆ ದಡದವರನ್ನು ಕಾಲು ಗಂಟೆಯಲ್ಲಿ ಆಚೆ ದಡ ಮುಟ್ಟಿಸುತ್ತಿತ್ತು. ಈ ತಿಂಗಳು ಮಾತ್ರ ಅದಕ್ಕೆ ಏನೋ ಆಗಿತ್ತು. ದಡ ಬಿಡುವಾಗ ಚೆನ್ನಾಗಿಯೇ ಹೊರಡುತ್ತಿತ್ತು. ನಡುನೀರು ಬರುವಷ್ಟರಲ್ಲಿ ಕೆಮ್ಮಿ ಕೆಮ್ಮಿ ಸೋತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಏಳುತ್ತಿತ್ತು, ಮತ್ತೆ ಮಲಗುತ್ತಿತ್ತು.

"ವಯಸ್ಸಾಯ್ತು ಕಣೇ ಅದಕ್ಕೆ" ಎಂದ ಅಂಬಿಗ.

"ವಯಸ್ಸು ನಮಗೂ ಆಗಿದೆ. ಹಾಗಂತ ನಡುದಾರೀಲಿ ಕೂತ್ಕೋತೀವಾ?" ಎಂದಳು ಹೆಂಡತಿ.

ಅಂಬಿಗ ತನಗೆ ತೋಚಿದ ಮದ್ದು ಮಾಡಿದ. ಮುದಿ ಮೊಣಕಾಲಿಗೆ ಎಣ್ಣೆ ತಿಕ್ಕಿದ ಹಾಗೆ, ಮುದಿ ಮೋಟಾರಿಗೂ ಎಣ್ಣೆ ಜಾಸ್ತಿ ಬೇಕು ಎಂದು ಪೆಟ್ರೋಲಿಗೆ ಒಂದರ ಬದಲು ಎರಡು ಅಳತೆ ಎಣ್ಣೆ ಬೆರೆಸಿದ. ಹೊಗೆ ಹೆಚ್ಚಿತು, ವೇಗ ಹೆಚ್ಚಲಿಲ್ಲ.

ಮಗಳು ತುಂಬಿದ ಬಸುರಿ. ಆಸ್ಪತ್ರೆ ಇರುವುದು ಆಚೆ ದಡದಲ್ಲಿ. ಮಂಗಳವಾರ ಅವಳನ್ನು ತಪಾಸಣೆಗೆ ಕರೆದೊಯ್ಯುವಾಗ ಮೋಟಾರು ನಡುನೀರಿನಲ್ಲೇ ಕೈಕೊಟ್ಟಿತು. ದೋಣಿ ಸೆಳವಿಗೆ ಸಿಕ್ಕಿ ಕೆಳಕ್ಕೆ ಜಾರಿತು. ಗಂಡಹೆಂಡಿರಿಬ್ಬರೂ ಏದುಸಿರು ಬಿಡುತ್ತಾ ಹುಟ್ಟು ಹಾಕಿದರು. ಮಗಳು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ದಡ ಸಿಕ್ಕಾಗ ಒಂದು ಗಂಟೆಯ ಮೇಲಾಗಿತ್ತು.

ನರ್ಸಮ್ಮ ಕಾದಿದ್ದರು. ಬೈಯಲಿಲ್ಲ. "ಇವತ್ತು ಬರೀ ತಪಾಸಣೆ, ಪರವಾಗಿಲ್ಲ. ನೋವು ಶುರುವಾದ ದಿನ ಹೀಗಾದ್ರೆ ಏನ್ ಮಾಡ್ತೀರಾ?" ಎಂದಷ್ಟೇ ಕೇಳಿದರು.

ಮರುದಿನ ಬೆಳಿಗ್ಗೆ ಅವನು ಕಡವಿನಲ್ಲಿ ಹಳೇ ಗೋಣಿ ಹಾಸಿ, ಸ್ಪ್ಯಾನರುಗಳನ್ನು ಸಾಲಾಗಿ ಇಟ್ಟು, ಮೋಟಾರನ್ನು ಪೂರ್ತಿ ಬಿಚ್ಚಲು ಕೂತ. ಅಷ್ಟರಲ್ಲಿ ಹೆಂಡತಿ ಪಂಪಿನಕ್ಕನನ್ನು ಕರೆದುಕೊಂಡು ಬಂದಳು. ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವ ಹೆಂಗಸು ಅವಳು. ಚಿಕ್ಕವರು ದೊಡ್ಡವರು ಎಲ್ಲರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು.

ಅಂಬಿಗ ಮುಖ ಗಂಟಿಕ್ಕಿದ. "ಬಾವಿ ಪಂಪು ಬೇರೆ, ದೋಣಿ ಮೋಟಾರು ಬೇರೆ ಅಕ್ಕಾ."

"ನಿಜ ಅಣ್ಣ. ಆದ್ರೆ ಪೆಟ್ರೋಲ್ ಕುಡಿಯೋ ಯಾವ ಇಂಜಿನ್ನಿಗಾದ್ರೂ ಬೇಕಾಗೋದು ಮೂರೇ. ಪೆಟ್ರೋಲು, ಗಾಳಿ, ಕಿಡಿ. ಸ್ಪ್ಯಾನರ್ ಆಮೇಲೆ ಎತ್ತೋಣ. ಮೊದಲು ಹೇಳಿ, ಶುರುವಲ್ಲೇ ಸೋಲುತ್ತಾ, ಹೋಗ್ತಾ ಹೋಗ್ತಾ ಸೋಲುತ್ತಾ?"

"ಹೋಗ್ತಾ ಹೋಗ್ತಾ."

"ಬಿಟ್ಟು ಎಳೆದ್ರೆ ಮತ್ತೆ ಏಳುತ್ತಾ?"

"ಏಳುತ್ತೆ."

"ಹಾಗಿದ್ರೆ ಅದಿನ್ನೂ ಸತ್ತಿಲ್ಲ ಬಿಡಿ. ಹೊರಗಿಂದ ನೋಡ್ಕೊಂಡು ಒಳಗೆ ಹೋಗೋಣ."

ಮೋಟಾರು ಆಫ್ ಆಗಿದೆಯೇ ಎಂದು ನೋಡಿ, ಕಿಡಿ ಹಾರಿಸುವ ಪ್ಲಗ್ಗಿನ ವಯರು ಕಿತ್ತ ಮೇಲೆಯೇ ಅವಳು ನೀರಿನಲ್ಲಿ ತಿರುಗಿ ದೋಣಿ ತಳ್ಳುವ ಫ್ಯಾನಿಗೆ ಕೈ ಹಾಕಿದಳು. "ವಯರು ಕೀಳದೆ ಇದನ್ನ ತಿರುಗಿಸಬಾರದು. ಅಪ್ಪಿತಪ್ಪಿ ಸ್ಟಾರ್ಟ್ ಆದ್ರೆ ಬೆರಳು ಹೋಗುತ್ತೆ." ಫ್ಯಾನಿನ ಹಿಂದೆ ಗಾಳದ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಚಾಕುವಿನಿಂದ ಕತ್ತರಿಸಿ ಎಳೆದರೆ ಒಂದು ಮಾರು ಬಂತು.

"ಓಹೋ, ಸಿಕ್ತು ಕಳ್ಳ!" ಎಂದ ಅಂಬಿಗ.

"ಇವನು ಚಿಲ್ಲರೆ ಕಳ್ಳ. ದೊಡ್ಡವನು ಬೇರೆ ಇದ್ದಾನೆ."

ಪ್ಲಗ್ಗು ಬಿಚ್ಚಿದಳು. ತುದಿ ಕಪ್ಪಗೆ, ಜಿಡ್ಡುಗಟ್ಟಿ, ತಳ ಹತ್ತಿದ ಪಾತ್ರೆಯ ಹಾಗಿತ್ತು. "ಎಣ್ಣೆ ಎಷ್ಟು ಹಾಕ್ತೀರಾ ಅಣ್ಣ?"

ಅಂಬಿಗ ಹೆಂಡತಿಯ ಕಡೆ ನೋಡದೆ ಹೇಳಿದ. ಪಂಪಿನಕ್ಕ ನಗಲಿಲ್ಲ. "ಕಡಿಮೆ ಹಾಕಿದ್ರೆ ಇಂಜಿನ್ ಸವೆಯುತ್ತೆ. ಜಾಸ್ತಿ ಹಾಕಿದ್ರೆ ಕಿಡಿ ಸಾಯುತ್ತೆ. ಮೋಟಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ, ಅಳೆದು ಹಾಕಿ."

ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸ್ವಲ್ಪ ಬಗ್ಗಿಸಿ, ತಳದಲ್ಲಿ ನೀರು ಕೂತಿದೆಯೇ ಎಂದು ನೋಡಿದಳು. ನೀರಿರಲಿಲ್ಲ. ಪೆಟ್ರೋಲು ಸೋಸುವ ಜಾಲರಿಯನ್ನು ತೊಳೆದಳು. ಹೊಸ ಪ್ಲಗ್ಗು ಹಾಕಿದಳು. ಸರಿಯಾಗಿ ಅಳೆದ ಪೆಟ್ರೋಲು ತುಂಬಿಸಿ, ಅಂಬಿಗ ಮುಚ್ಚಳ ಹಾಕಿದ. ದೋಣಿಯನ್ನು ಕಂಬಕ್ಕೆ ಗಟ್ಟಿಯಾಗಿ ಕಟ್ಟಿ ಹಗ್ಗ ಎಳೆದರು. ಮೋಟಾರು ಎದ್ದಿತು. ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮತೊಡಗಿತು.

"ಈ ನೀರಿನ ಮೇಲೆ ಯಾವಾಗ್ಲೂ ಒಂದು ಕಣ್ಣಿರಲಿ. ಇಂಜಿನ್ ತಣ್ಣಗಿದೆ ಅಂತ ಹೇಳೋದೇ ಇದು. ಇದು ನಿಂತ್ರೆ ತಕ್ಷಣ ಆಫ್ ಮಾಡಬೇಕು."

ಹೊಗೆ ಕಡಿಮೆಯಾಗಿತ್ತು, ಸದ್ದು ಹಗುರವಾಗಿತ್ತು. ಅಂಬಿಗನ ಮುಖ ಅರಳಿತು. ಹತ್ತು ನಿಮಿಷ ಕಳೆಯಿತು. ಮೋಟಾರು ಕೆಮ್ಮಿತು.

"ನೋಡಿದ್ರಾ? ನಾನು ಹೇಳ್ಲಿಲ್ವಾ, ವಯಸ್ಸು!" ಎಂದ ಅವನು.

ಪಂಪಿನಕ್ಕ ಟ್ಯಾಂಕಿನಿಂದ ಮೋಟಾರಿಗೆ ಹೋಗುವ ಪೈಪಿನ ನಡುವಿದ್ದ ರಬ್ಬರ್ ಬಲ್ಬನ್ನು ಮುಟ್ಟಿದಳು. ಹಿಂಡಿದ ನಿಂಬೆಹಣ್ಣಿನ ಹಾಗೆ ಅದು ಚಪ್ಪಟೆಯಾಗಿತ್ತು. ಟ್ಯಾಂಕಿನ ಪಕ್ಕೆಯೂ ಒಳಕ್ಕೆ ಕುಗ್ಗಿತ್ತು. ಅವಳು ಮುಚ್ಚಳದ ಮೇಲಿನ ಪುಟ್ಟ ತಿರುಪನ್ನು ಸಡಿಲಿಸಿದಳು. ಬುಸ್ ಎಂದು ಗಾಳಿ ಒಳಗೆ ನುಗ್ಗಿತು. ಮೋಟಾರು ತಲೆ ಎತ್ತಿ ಓಡತೊಡಗಿತು.

"ಟ್ಯಾಂಕಿಗೆ ಗಾಳಿ ಹೋಗದೆ ಪೆಟ್ರೋಲು ಹೊರಗೆ ಬರಲ್ಲ ಅಣ್ಣ. ಓಡಿಸುವಾಗ ಈ ತಿರುಪು ಸಡಿಲವಾಗಿರಬೇಕು. ಇಷ್ಟು ಬಿಗಿಯಾಗಿ ಮುಚ್ಚಿದ್ಯಾರು?"

ಅಷ್ಟು ಹೊತ್ತೂ ದಡದಲ್ಲಿ ಕೂತು ನೋಡುತ್ತಿದ್ದ ಮಗಳು ಮೆಲ್ಲಗೆ ಹೇಳಿದಳು: "ಪೆಟ್ರೋಲ್ ವಾಸನೆಗೆ ನನಗೆ ವಾಕರಿಕೆ ಬರ್ತಿತ್ತು. ಅದಕ್ಕೇ ಅಪ್ಪ..."

ಅಂಬಿಗ ತಲೆ ತಗ್ಗಿಸಿದ. ಮಗಳಿಗೆ ಹಿತವಾಗಲಿ ಎಂದು ಒಂದು ತಿಂಗಳಿಂದ ತಾನೇ ಬಿಗಿದಿಡುತ್ತಿದ್ದ ತಿರುಪು, ಅವಳನ್ನೇ ನಡುನೀರಿನಲ್ಲಿ ನಿಲ್ಲಿಸಿತ್ತು.

"ಪ್ರೀತಿಯಿಂದ ಮುಚ್ಚಿದ್ದೀರಿ" ಎಂದಳು ಪಂಪಿನಕ್ಕ. "ಮೋಟಾರಿಗೆ ಅದು ಗೊತ್ತಾಗಲ್ಲ, ಅಷ್ಟೇ. ಟ್ಯಾಂಕನ್ನ ಹಿಂದಕ್ಕೆ ಸರಿಸಿ. ಮಗಳನ್ನ ಮುಂದೆ, ಗಾಳಿಗೆ ಮುಖ ಮಾಡಿ ಕೂರಿಸಿ. ವಾಸನೆ ಅವಳ ಕಡೆ ಬರಲ್ಲ."

ಅದಾಗಿ ಹದಿನೆಂಟನೆಯ ದಿನ ಬೆಳಿಗ್ಗೆ ಮಗಳಿಗೆ ನೋವು ಕಾಣಿಸಿಕೊಂಡಿತು. "ಬೇಗ ರೀ, ಬೇಗ!" ಎಂದು ಹೆಂಡತಿ ಅವಸರ ಮಾಡಿದಳು. ಅಂಬಿಗ ಅವಸರ ಮಾಡಲಿಲ್ಲ. ಮೂವರಿಗೂ ಲೈಫ್ ಜಾಕೆಟ್ ಕಟ್ಟಿದ. ಹುಟ್ಟುಗಳು ಇವೆಯೇ ಎಂದು ನೋಡಿದ. ತಿರುಪು ಸಡಿಲಿಸಿದ, ಬಲ್ಬು ಹಿಂಡಿದ, ಹಗ್ಗ ಎಳೆದ, ನೀರು ಚಿಮ್ಮುವುದನ್ನು ನೋಡಿದ. ಎಲ್ಲ ಸೇರಿ ಎರಡೇ ನಿಮಿಷ. ಇನ್ನು ಹದಿನಾಲ್ಕು ನಿಮಿಷಕ್ಕೆ ಆಚೆ ದಡ.

ಮಧ್ಯಾಹ್ನ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಹೊರಗೆ ಬಂದರು. ಅಂಬಿಗ ಎರಡೂ ಕೈ ಚಾಚಿದ. ಅವರು ಮೂಗು ಸಿಂಡರಿಸಿದರು. "ಪೆಟ್ರೋಲ್ ವಾಸನೆ! ಮೊದಲು ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ. ಆಮೇಲೆ ಮೊಮ್ಮಗಳು."

ಅವನು ಮೂರು ಸಲ ತೊಳೆದುಕೊಂಡು ಬಂದ.

ದೋಣಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮೋಟಾರು ಸೋಲುತ್ತಿದ್ದರೆ ವಯಸ್ಸನ್ನು ಬೈಯಬೇಡಿ, ಪೂರ್ತಿ ಬಿಚ್ಚಲೂ ಬೇಡಿ. ಗಾಳಿಯ ತಿರುಪು, ಬಲ್ಬು, ಜಾಲರಿ, ಪ್ಲಗ್ಗು, ಎಣ್ಣೆಯ ಅಳತೆ, ಫ್ಯಾನಿಗೆ ಸುತ್ತಿದ ದಾರ, ಇವನ್ನು ಒಂದೊಂದಾಗಿ ನೋಡಿ. ಒಂದನ್ನು ಸರಿಮಾಡಿ, ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಅಷ್ಟಕ್ಕೂ ಸರಿಹೋಗದಿದ್ದರೆ ತಿಳಿದವರನ್ನು ಕರೆಯಿರಿ, ಕೇಳುವುದರಲ್ಲಿ ಸಣ್ಣತನವಿಲ್ಲ. ಮೋಟಾರು ಎಷ್ಟೇ ಒಳ್ಳೆಯದಿದ್ದರೂ ಹುಟ್ಟು, ಲೈಫ್ ಜಾಕೆಟ್ಟು ಇಲ್ಲದೆ ಹೊರಡಬೇಡಿ. ದಡದಲ್ಲಿ ಕಳೆದ ಎರಡು ನಿಮಿಷಕ್ಕೆ ಯಾರೂ ಬೈಯುವುದಿಲ್ಲ. ನಡುನೀರಿನಲ್ಲಿ ಅದೇ ಎರಡು ನಿಮಿಷವನ್ನು ಬೇಡಿಕೊಂಡರೂ ಯಾರೂ ಕೊಡುವುದಿಲ್ಲ.