ಸಪ್ಪೆ ಗಂಜಿ

ಇದು ನಡೆದದ್ದೇ. ಸುಳ್ಳಾಡಿದರೆ ನನ್ನ ಬಾಯಲ್ಲಿ ಉಳಿದಿರುವ ಹಲ್ಲೂ ಉದುರಿಹೋಗಲಿ.

ನಮ್ಮ ಸಮುದ್ರಕ್ಕೆ ಮೊದಲು ಮಾನ ಮರ್ಯಾದೆ ಇತ್ತು, ದಡದಲ್ಲೇ ನಿಲ್ಲುತ್ತಿತ್ತು. ಆಮೇಲೆ ಹೇಳದೆ ಕೇಳದೆ ಬರುವ ನೆಂಟನ ಹಾಗೆ ಒಳಗೆ ಬಂತು. ಗದ್ದೆಗೆ ನುಗ್ಗಿತು, ಭತ್ತ ಹೋಯಿತು. ಹಿತ್ತಿಲಿಗೆ ಬಂತು, ಬದನೆ ಗಿಡ ಸತ್ತಿತು. ನೀರು ಬಿಸಿಯಾಯಿತೆಂದು ಮೀನುಗಳು ಗುಳೆ ಹೋದವು. ನಮ್ಮ ಬಲೆಯೊಳಗೆ ಜೇಡ ಬಂದು ತನ್ನ ಬಲೆ ಕಟ್ಟಿ ನನಗಿಂತ ಚೆನ್ನಾಗಿ ಬದುಕಿತು!

ಉಳಿದದ್ದು ರೇಷನ್ ಅಕ್ಕಿಯ ಗಂಜಿ. ಅಷ್ಟರಲ್ಲಿ ಅಮ್ಮನ ಕಾಲು ಊದಿ ಕುಂಬಳಕಾಯಿಯಾಯಿತು. ಡಾಕ್ಟರು ಬಿ.ಪಿ. ನೋಡಿ, "ಇನ್ನು ಉಪ್ಪು ತಿಂದ್ರೆ ಅಜ್ಜಿ ಉಳಿಯಲ್ಲ," ಎಂದರು.

ಹೆಂಡತಿ ಉಪ್ಪಿನ ಡಬ್ಬಿಯನ್ನೇ ಅಟ್ಟಕ್ಕೆ ಹಾಕಿದಳು. ಊತ ಇಳಿಯಲಿಲ್ಲ.

"ಕದ್ದು ನೆಕ್ತೀರಾ ಅತ್ತೆ?"

"ನೀನೇ ಸುರೀತಿದೀಯ ಕಣೇ, ಮುದುಕಿ ಬೇಗ ಹೋಗ್ಲಿ ಅಂತ!"

"ನಿಮ್ಮ ನಾಲಿಗೆಗೆ ಹೆದರಿ ಯಮ ಈ ಓಣಿಗೇ ಬರಲ್ಲ ಬಿಡಿ."

ಕೊನೆಗೆ ಡಾಕ್ಟರೇ ಮನೆಗೆ ಬಂದರು. ಬಿಸಿಲಲ್ಲಿ ಬಂದವರೆಂದು ಹೆಂಡತಿ ಬಾವಿಯಿಂದ ಸೇದಿ ಚೊಂಬು ತುಂಬ ನೀರು ಕೊಟ್ಟಳು. ಒಂದು ಗುಟುಕು ಒಳಗೆ ಹೋಗಿದ್ದೇ ತಡ, ಗೋಡೆಗೆ ಉಗುಳಿದರು.

"ಏನ್ರೀ ಇದು, ಸಮುದ್ರದ ನೀರಾ?"

ನಾವಿಬ್ಬರೂ ಕುಡಿದು ನೋಡಿದೆವು. "ಚೆನ್ನಾಗೇ ಇದೆಯಲ್ಲ ಸಾರ್!"

ಬಾವಿ ಇಷ್ಟಿಷ್ಟೇ ಉಪ್ಪಾಗಿತ್ತು, ನಮ್ಮ ನಾಲಿಗೆಯೂ ಅದರ ಜೊತೆಗೇ ಪಳಗಿತ್ತು. ಆಮೇಲೆ ಹೊಳೆಯಿತು: ನಮ್ಮ ಕೋಳಿಯ ಮೊಟ್ಟೆಗೆ ಉಪ್ಪೇ ಬೇಕಿರಲಿಲ್ಲ, ಅತ್ತರೆ ಕಣ್ಣೀರು ಸಪ್ಪೆ ಅನ್ನಿಸುತ್ತಿತ್ತು!

"ಬೇರೆ ನೀರಲ್ಲಿ ಅಡುಗೆ ಮಾಡಿ," ಎಂದು ಡಾಕ್ಟರು ಹೊರಟರು. ಎಲ್ಲಿಂದ ತರೋದು? ಓಣಿಯ ಬಾವಿಗಳೆಲ್ಲ ಕೆಟ್ಟಿವೆ. ನೀರಿನ ಲಾರಿ ಬರುತ್ತಿದ್ದ ರಸ್ತೆಯಲ್ಲಿ ಈಗ ಅಲೆ ಓಡಾಡುತ್ತದೆ. ಮಳೆಗೆ ಹಿಡಿದಿಟ್ಟದ್ದು ಎಂದೋ ಮುಗಿಯಿತು.

ಅಮ್ಮ ಈಗ ತಟ್ಟೆ ದೂಡುತ್ತಾಳೆ. "ತಿಂದ್ರೂ ಸಾಯ್ತೀನಿ, ಬಿಟ್ರೂ ಸಾಯ್ತೀನಿ. ಬಿಟ್ರೆ ನಿಮಗಾದ್ರೂ ಉಳಿಯುತ್ತೆ," ಎಂದು ನಗುತ್ತಾಳೆ. ನಿನ್ನೆಯಿಂದ ಚಾಪೆ ಬಿಟ್ಟು ಎದ್ದಿಲ್ಲ. "ಒಂದೇ ಒಂದ್ಸಲ ಸಪ್ಪೆ ಗಂಜಿ ಕುಡಿಬೇಕು ಕಣೋ," ಎಂದಳು. ಅಷ್ಟೇ ಆಸೆ. ಕುಡಿದರೂ ಏಳುವುದಿಲ್ಲ, ಅದು ನಮಗೂ ಗೊತ್ತು.

ಕಥೆ ಕೇಳಿ ನಿಮಗೆ ಬಾಯಾರಿತೇನೋ, ಚೀಲಕ್ಕೆ ಕೈ ಹಾಕುತ್ತಿದ್ದೀರಿ. ಆ ಬಾಟಲಿಯಲ್ಲಿರುವುದು ನಿಮ್ಮ ಕಡೆಯ ನೀರಲ್ಲವೇ? ಮುಚ್ಚಳ ತೆಗೆಯಬೇಡಿ. ಒಲೆ ಉರಿಯುತ್ತಿದೆ, ಇತ್ತ ಕೊಡಿ. ನಿಮಗೆ ನಮ್ಮ ಬಾವಿ ಇದೆಯಲ್ಲ.