ಬೆರಕೆ ಸೊಪ್ಪಿನ ಪಾತಿ

ಪಾತಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟಿದ್ದರೆ ಒಳಗೆ ಯಾರೋ ಇದ್ದಾರೆಂದು ಅರ್ಥ. ನಮ್ಮ ಆ ತೋಟದಲ್ಲಿ ಹೆಸರಿನ ಹಲಗೆಯಿರಲಿಲ್ಲ, ಪಾತಿಗಳ ನಡುವೆ ಬೇಲಿಯೂ ಇರಲಿಲ್ಲ. ಗೇಟು ದಾಟಿ ಬಂದವರು ಚಪ್ಪಲಿ ನೋಡಿಯೇ ಇವತ್ತು ಯಾರ್ಯಾರು ಬಂದಿದ್ದಾರೆಂದು ಹೇಳಬಹುದಿತ್ತು. ಹಿಮ್ಮಡಿ ಸವೆದು ಒಂದು ಕಡೆಗೆ ವಾಲಿದ್ದು ಪುಟ್ಟತಾಯಮ್ಮನದು. ದಪ್ಪ ಚರ್ಮದ ಮೆಟ್ಟು, ಜೋಡಿ ಕದಲದೆ ನೆಟ್ಟಗೆ ಕೂತಿದ್ದರೆ ಅಂತೋಣಪ್ಪನವರದು. ಒಂದು ಇಲ್ಲಿ, ಇನ್ನೊಂದು ಮಗುಚಿ ಅಲ್ಲಿ ಬಿದ್ದಿದ್ದರೆ ನನ್ನದು. ಬಾವಿಯ ಪಕ್ಕದ ಪಾತಿಯ ಬಳಿ, ನಮಗೆಲ್ಲರಿಗಿಂತ ಮೊದಲೇ ಬಂದಿರುತ್ತಿದ್ದ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ ಜಬೀನಾಳದು.

ಅದು ಮುಚ್ಚಿಹೋದ ಎಣ್ಣೆ ಗಿರಣಿಯ ಹಿತ್ತಿಲು. ಗಿರಣಿಯ ಸಾಹುಕಾರರು ಊರು ಬಿಡುವಾಗ, ಅಲ್ಲಿ ಮೇಸ್ತ್ರಿಯಾಗಿದ್ದ ಅಂತೋಣಪ್ಪನವರ ಕೈಗೆ ಬೀಗದ ಕೈ ಕೊಟ್ಟು, "ಯಾರಿಗೆ ಬೇಕೋ ಬೆಳ್ಕೊಳ್ಳಿ. ಜಾಗ ಪಾಳು ಬಿದ್ದು ತಿಪ್ಪೆ ಆದ ದಿನ ವಾಪಸ್ ತಗೋತೀನಿ" ಎಂದಿದ್ದರಂತೆ. ಆ ಮಾತನ್ನು ಅಂತೋಣಪ್ಪ ದೇವರ ವಾಕ್ಯದ ಹಾಗೆ ಹಿಡಿದುಕೊಂಡರು. ಕಲ್ಲು ಆಯ್ದು, ಜಾಗ ಹಸನು ಮಾಡಿ, ಪಾತಿ ಕಟ್ಟಿ, ಮನೆ ಮುಂದೆ ತುಳಸಿ ಕುಂಡ ಇಡಲೂ ಜಾಗವಿಲ್ಲದ ನಮ್ಮಂಥವರಿಗೆ ಹಂಚಿದರು. ಜೊತೆಗೆ ಎರಡು ಕಟ್ಟಳೆ ಹಾಕಿದರು. ಅಮಾವಾಸ್ಯೆಯ ದಿನ ಎಲ್ಲರೂ ಸೇರಿ ಪಾತಿಗಳನ್ನು ಸುತ್ತಿ ನೋಡಬೇಕು. ಮೇಲಿಂದ ಮೇಲೆ ಎರಡು ಅಮಾವಾಸ್ಯೆ ಪಾತಿ ಬರಿದಾಗಿ ಕಂಡರೆ ಅದು ಕಾಯುತ್ತಿರುವ ಇನ್ನೊಬ್ಬರಿಗೆ. ಮತ್ತೆ, ಒಬ್ಬರ ಪಾತಿಗೆ ಇನ್ನೊಬ್ಬರು ಕೈ ಹಾಕಕೂಡದು. ಈ ಎರಡನೆಯದು ಬಂದದ್ದು ಒಂದು ಕುಂಬಳ ಬಳ್ಳಿಯ ದೆಸೆಯಿಂದ. ಯಾರದೋ ಬಳ್ಳಿ ಯಾರದೋ ಪಾತಿಗೆ ಹರಿದು, ಕಾಯಿ ಯಾರದೆಂದು ಜಗಳ ಹತ್ತಿ, ಎರಡು ಮನೆಯವರು ಇವತ್ತಿಗೂ ಮುಖ ನೋಡುವುದಿಲ್ಲ.

"ನಿಮ್ಮದು ತೋಟವೋ ಪೊಲೀಸ್ ಠಾಣೆಯೋ?" ಎಂದು ನಾನು ಅವರನ್ನು ಕಾಡುತ್ತಿದ್ದೆ. ನನ್ನ ನಾಲಿಗೆ ಮೊದಲಿಂದಲೂ ಸ್ವಲ್ಪ ಉದ್ದವೇ. ಅವರು ನಗುತ್ತಿರಲಿಲ್ಲ. "ಠಾಣೆ ಥರ ಇರೋದಕ್ಕೇ ತೋಟ ಉಳ್ಕೊಂಡಿದೆ ಕಣಮ್ಮ" ಎಂದು ಹೇಳಿ, ನನ್ನ ಮಗುಚಿದ ಚಪ್ಪಲಿಯನ್ನು ಕಾಲಿನಿಂದಲೇ ಸರಿಮಾಡಿ ಹೋಗುತ್ತಿದ್ದರು.

ಜಬೀನಾ ಶ್ಯಾವಿಗೆ ಹೊಸೆದು ಮಾರುತ್ತಿದ್ದಳು. ತಾಯಿ ತೀರಿಕೊಂಡಾಗ ಇನ್ನೂ ಮೊಲೆಹಾಲು ಬಿಡದಿದ್ದ ತಂಗಿ ಮುಮ್ತಾಜಳನ್ನು ಸಾಕಿ, ಓದಿಸಿ, ದೂರದ ಊರಿಗೆ ಮದುವೆ ಮಾಡಿಕೊಟ್ಟು, ತಾನು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದಿದ್ದಳು. ಪಾತಿಯಲ್ಲಿ ಕೂತಳೆಂದರೆ ಗಿಡಗಳ ಜೊತೆ ಅವಳ ಮಾತು ನಿಲ್ಲುತ್ತಿರಲಿಲ್ಲ. "ಏನೇ ಅದು, ಬದನೆ ಗಿಡಕ್ಕೂ ಬೈತೀಯಲ್ಲ!" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಗೋಡೆ ಜೊತೆ ಮಾತಾಡಿದ್ರೆ ಹುಚ್ಚಿ ಅಂತಾರೆ ಅಕ್ಕ. ಗಿಡದ ಜೊತೆ ಮಾತಾಡಿದ್ರೆ ತೋಟ ಚೆನ್ನಾಗಿ ಮಾಡ್ತಾಳೆ ಅಂತಾರೆ" ಎಂದು ನಕ್ಕಿದ್ದಳು.

ಒಂದು ಬೆಳಿಗ್ಗೆ, ಮುಮ್ತಾಜಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂತು. ಜಬೀನಾ ಆಗಷ್ಟೇ ಹಳೆಯ ಗಿಡಗಳನ್ನೆಲ್ಲ ಕಿತ್ತು, ಹೊಸ ಬೀಜಕ್ಕೆಂದು ಮಣ್ಣು ಸಡಿಲ ಮಾಡಿದ್ದಳು. ಕೈಕಾಲು ತೊಳೆಯಲೂ ನಿಲ್ಲದೆ ಹೊರಟಳು. "ನಾಲ್ಕು ದಿನದಲ್ಲಿ ಬಂದ್ಬಿಡ್ತೀನಿ ಅಕ್ಕ" ಎಂದಳು. ಬರಲಿಲ್ಲ. ಅಮಾವಾಸ್ಯೆ ಬಂತು, ಅವಳ ಪಾತಿ ಬೋಳಾಗಿ ಬಿದ್ದಿತ್ತು. ಅಂತೋಣಪ್ಪ ಅದರ ಮುಂದೆ ನಿಂತು, "ಒಂದಾಯ್ತು" ಎಂದರು, ಅಷ್ಟೇ.

ನನಗೆ ಮೈಯೆಲ್ಲ ಉರಿದುಹೋಯಿತು. "ಅವಳೇನು ಜಾತ್ರೆ ನೋಡೋಕೆ ಹೋಗಿದ್ದಾಳಾ? ನಾನೇ ನಾಲ್ಕು ಬೀಜ ಹಾಕ್ತೀನಿ ಬಿಡಿ" ಎಂದೆ.

"ಅವರ ಪಾತಿ ಅದು. ಕೈ ಹಾಕ್ಬೇಡಿ. ಇವತ್ತು ನಿಮಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ."

"ಅವಳು ವಾಪಸ್ ಬಂದಾಗ ಈ ಪಾತಿ ಇಲ್ದಿದ್ರೆ ಈ ಊರಲ್ಲಿ ಅವಳಿಗೆ ಇನ್ನೇನಿದೆ, ಹೇಳಿ!"

ಅವರು ಬಗ್ಗಿ ಪಾತಿಯ ಅಂಚಿನ ಒಂದು ಕಲ್ಲನ್ನು ನೆಟ್ಟಗೆ ಮಾಡಿದರು. ಪಕ್ಕದಲ್ಲಿ ನಿಂತಿದ್ದ ಪುಟ್ಟತಾಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಹೂ ಕಟ್ಟಿ ಮಾರುವ ಹೆಂಗಸು ಅವಳು, ಬಾಯಿ ಬಿಟ್ಟರೆ ಸಂತೆಗೆಲ್ಲ ಕೇಳುತ್ತದೆ. ಅವತ್ತು ಅವಳೂ ಸುಮ್ಮನಿದ್ದಳು. ಕ್ಷೌರದಂಗಡಿಯ ರಾಚಪ್ಪ ಕೆಮ್ಮಿ, ಗಡಿಯಾರ ನೋಡಿ, ಗಿರಾಕಿ ಕಾಯುತ್ತಿದ್ದಾರೆಂದು ಹೊರಟುಬಿಟ್ಟ. ಹೇಡಿಗಳು ಎಂದು ಮನಸ್ಸಿನಲ್ಲೇ ಎಲ್ಲರಿಗೂ ಬೈದುಕೊಂಡೆ.

ಮುಂದಿನ ಅಮಾವಾಸ್ಯೆ ಹತ್ತಿರವಾಗುತ್ತಾ ಬಂತು. ಜಬೀನಾಳ ಸುದ್ದಿಯಿಲ್ಲ. ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ, ಊರೆಲ್ಲ ಉಂಡು ಮಲಗಿರುವ ಹೊತ್ತಿನಲ್ಲಿ ತೋಟಕ್ಕೆ ಹೋದೆ. ಅಂಚಿನಲ್ಲಿ ಚಪ್ಪಲಿ ಬಿಟ್ಟರೆ ಸಿಕ್ಕಿಬೀಳುತ್ತೇನಲ್ಲ, ಅದಕ್ಕೆ ಅವನ್ನು ಚೀಲಕ್ಕೆ ತುರುಕಿಕೊಂಡು ಕಳ್ಳಿಯ ಹಾಗೆ ಪಾತಿಗೆ ಇಳಿದೆ. ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಮೂಲಂಗಿ ಬೀಜ ಚೆಲ್ಲಿ, ಕೈಯಿಂದ ಮಣ್ಣು ಆಡಿಸಿ, ನೀರು ಚಿಮುಕಿಸಿ ಓಡಿ ಬಂದೆ. ಮೂಲಂಗಿಯನ್ನೇ ಆರಿಸಿದ್ದು ಅದು ಬೇಗ ಮೊಳೆಯುತ್ತದೆ ಎಂದು. ಅಮಾವಾಸ್ಯೆಗೆ ಎರಡೆಲೆ ಹಸಿರು ಕಂಡರೆ ನನಗೆ ಸಾಕಾಗಿತ್ತು.

ಮಾರನೆಯ ದಿನ ಗುಟ್ಟಾಗಿ ನೀರು ಹಾಕಲು ಹೋದರೆ ಮಣ್ಣು ಆಗಲೇ ಒದ್ದೆಯಾಗಿತ್ತು. ನಿನ್ನೆಯ ನೀರು ಇನ್ನೂ ಆರಿಲ್ಲ, ಎಂಥ ಚಂದದ ಮಣ್ಣು ಮಾಡಿದ್ದಾಳೆ ಇವಳು ಎಂದು ಮೆಚ್ಚಿಕೊಂಡೆ. ಆದರೂ ಕೈ ಕೇಳಬೇಕಲ್ಲ, ಒಂದು ಚೊಂಬು ಹಾಕಿದೆ. ಅದರ ಮಾರನೆಯ ದಿನವೂ ಒದ್ದೆ. ಆ ದಿನಗಳಲ್ಲಿ ಬಾವಿಯ ಬಳಿ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಪುಟ್ಟತಾಯಮ್ಮ ಹಗ್ಗ ಸವೆದಿದೆಯಾ ನೋಡುತ್ತಿದ್ದೆ ಎಂದಳು. ರಾಚಪ್ಪ ಕತ್ತರಿ ಹುಡುಕುತ್ತಿದ್ದೇನೆ ಎಂದ. ಕತ್ತರಿ ಬಾವಿಯ ಹತ್ತಿರ ಯಾಕೆ ಬಂತು ಎಂದು ನಾನು ಕೇಳಲಿಲ್ಲ. ಕೇಳಿದರೆ, ನೀನ್ಯಾಕೆ ಬಂದೆ ಎಂದು ಅವನು ಕೇಳುತ್ತಿದ್ದ.

ಆಮೇಲೆ ಮೊಳಕೆ ಬಂತು. ಬಂತು ಎಂದರೇನು, ನುಗ್ಗಿತು! ಪಾತಿಯಲ್ಲಿ ಬೆರಳಿಡಲು ಜಾಗವಿಲ್ಲ. ಕಣ್ಣುಜ್ಜಿಕೊಂಡು ನೋಡಿದೆ. ನನ್ನ ಮೂಲಂಗಿಯ ನಡುವೆ ಕೆಂಪು ಹರಿವೆ, ಹರಿವೆಯ ಮೈಮೇಲೆ ಕೂದಲೆಳೆಯಂಥ ಸಬ್ಬಸಿಗೆ, ಅದರ ನಡುವೆ ಮೆಂತ್ಯ. ಒಂದರ ತಲೆಯ ಮೇಲೆ ಇನ್ನೊಂದು ಕೂತಿತ್ತು. ಹುಚ್ಚು ಹಿಡಿದವರೂ ಹೀಗೆ ಬಿತ್ತುವುದಿಲ್ಲ. ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು. ಅಂತೋಣಪ್ಪ ಒಮ್ಮೆ ನೋಡಿದರೆ ಮುಗಿಯಿತು, ಇದು ಜಬೀನಾ ಹಾಕಿದ್ದಲ್ಲ ಎಂದು ತಿಳಿಯದಿರಲು ಅವರೇನು ಕುರುಡರೇ? ಕಟ್ಟಳೆ ಮುರಿದದ್ದಕ್ಕೆ ಪಾತಿಯೂ ಹೋಗುತ್ತದೆ, ನಮ್ಮ ಮಾನವೂ ಹೋಗುತ್ತದೆ.

ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಸೇರಿದೆವು. ಅಂತೋಣಪ್ಪ ಮುಂದೆ, ನಾವು ಹಿಂದೆ. ಬಾವಿಯ ಪಕ್ಕಕ್ಕೆ ಬಂದಾಗ ಅವರು ನಿಂತರು. ನಾನು ಆಕಾಶ ನೋಡಿದೆ, ಪುಟ್ಟತಾಯಮ್ಮ ನೆಲ ನೋಡಿದಳು, ರಾಚಪ್ಪ ತನ್ನ ಉಗುರು ನೋಡಿಕೊಂಡ.

ಅಂತೋಣಪ್ಪ, "ಹಸಿರಿದೆ. ಪಾಳಲ್ಲ" ಎಂದು ಹೇಳಿ ಮುಂದಿನ ಪಾತಿಗೆ ನಡೆದುಬಿಟ್ಟರು.

ಇಷ್ಟೇನಾ! ನನಗೆ ನಂಬಲಾಗಲಿಲ್ಲ. ಈ ಮನುಷ್ಯನಿಗೆ ಕಣ್ಣು ಮಂಜಾಯಿತೋ, ಮನಸ್ಸು ಕರಗಿತೋ ಎಂದು ಯೋಚಿಸುತ್ತಿರುವಾಗ ಗೇಟಿನ ಸದ್ದಾಯಿತು. ಜಬೀನಾ ಬರುತ್ತಿದ್ದಳು. ಸೊರಗಿ ಅರ್ಧವಾಗಿದ್ದಳು. ತನ್ನ ಪಾತಿಯ ಕಡೆಗೆ ಕಣ್ಣೆತ್ತಿಯೂ ನೋಡದೆ, ಚಪ್ಪಲಿ ಮೆಟ್ಟಿಕೊಂಡೇ ದಾರಿಯಲ್ಲಿ ನಿಂತಳು. ಅವಳ ಕೈಯಲ್ಲಿ ಅಂತೋಣಪ್ಪ ಪಾತಿಯ ಜೊತೆ ಕೊಟ್ಟಿದ್ದ ಕಳೆಗುದ್ದಲಿ ಇತ್ತು.

"ಇದನ್ನ ಕೊಟ್ಟು ಹೋಗೋಣ ಅಂತ ಬಂದೆ ಅಣ್ಣ" ಎಂದಳು. "ಪಾತೀನ ಬೇರೆಯವರಿಗೆ ಕೊಡಿ. ಮುಮ್ತಾಜ್ ಹೋಗ್ಬಿಟ್ಲು."

ಪುಟ್ಟತಾಯಮ್ಮ ಹೋಗಿ ಅವಳನ್ನು ತಬ್ಬಿಕೊಂಡಳು. ಜಬೀನಾ ಅಳಲಿಲ್ಲ. ಅವಳ ಕಣ್ಣೀರು ಎಲ್ಲೋ ದಾರಿಯಲ್ಲೇ ಮುಗಿದುಹೋಗಿತ್ತು. "ನಾನ್ಯಾರಿಗೆ ಅಂತ ಬೆಳೀಲಿ? ಹೋದಾಗೆಲ್ಲ ಅವಳಿಗೆ ಬುಟ್ಟಿ ತುಂಬ್ಕೊಂಡು ಹೋಗ್ತಿದ್ದೆ. ಇನ್ನು ಯಾಕೆ ಇದೆಲ್ಲ?" ಎಂದಳು. ಆ ಮಾತು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಒಂದು ತಿಂಗಳು ಪಾತಿ ಉಳಿಸಬೇಕೆಂದು ಒದ್ದಾಡಿದ್ದೆ. ಪಾತಿಯೇ ಬೇಡವೆಂದು ಅವಳು ಬಂದು ನಿಂತಿದ್ದಳು.

ಅಂತೋಣಪ್ಪ ಗುದ್ದಲಿಗೆ ಕೈ ಚಾಚಲಿಲ್ಲ. "ಪಾತಿ ಬಿಡೋವಾಗ ಒಂದ್ಸಲ ನೋಡಿ ಬಿಡ್ಬೇಕಮ್ಮ" ಎಂದರು. ಅಂಥ ಕಟ್ಟಳೆಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಅವಳು ತಿರುಗಿ ನೋಡಿದಳು. ನೋಡುತ್ತಲೇ ನಿಂತಳು. "ಯಾ ಅಲ್ಲಾ! ಇದೇನಿದು? ಯಾರು ಹಾಕಿದ್ದು ಇದನ್ನ?"

ಅವಳು ಚಪ್ಪಲಿ ಬಿಟ್ಟು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎಲೆಗಳನ್ನು ಬೆರಳಿಂದ ಸರಿಸಿದಳು. "ಇಷ್ಟು ಒತ್ತೊತ್ತಾಗಿ ಇದ್ರೆ ಒಂದೂ ಉದ್ಧಾರ ಆಗಲ್ಲ. ಮುಕ್ಕಾಲು ಪಾಲು ಕೀಳ್ಬೇಕು. ಯಾವುದನ್ನ ಕೀಳೋದು, ಯಾವುದನ್ನ ಬಿಡೋದು?" ಎಂದಳು.

ನನ್ನ ನಾಲಿಗೆ ಕೇಳಬೇಕಲ್ಲ. "ಮೂಲಂಗಿ ಕಿತ್ತಾಕು ಜಬೀನಾ. ಅದೇನು ಮಹಾ!" ಎಂದೆ.

"ಅಯ್ಯೋ ಮೂಲಂಗಿ ಯಾಕೆ ಕೀಳ್ತೀ, ಗಡ್ಡೆ ಬಿಡ್ತದೆ. ಸಬ್ಬಸಿಗೆ ಕೀಳು, ಅದು ಯಾರಿಗೂ ಬೇಡ" ಎಂದಳು ಪುಟ್ಟತಾಯಮ್ಮ.

"ಹರಿವೇನೇ ಜಾಸ್ತಿ ಬಿದ್ದಿರೋದು. ಬೀಜ ಸಣ್ಣದು ನೋಡಿ, ಕೈ ಜಾರಿ ಬಿಡ್ತದೆ. ಅದನ್ನೇ ತೆಗೀರಿ" ಎಂದ ರಾಚಪ್ಪ.

ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು ನಾವೇನು ಹೇಳಿದೆವೆಂದು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಗ್ಗ ನೋಡಲು ಬಂದದ್ದು, ಕತ್ತರಿ ಹುಡುಕಲು ಬಂದದ್ದು, ಮಣ್ಣು ಆರದೇ ಇದ್ದದ್ದು, ಎಲ್ಲ ಒಂದೇ ಸಲಕ್ಕೆ ಬಯಲಾಯಿತು. ನಾನು ಹೆದರಿ ಅಂತೋಣಪ್ಪನವರ ಕಡೆ ನೋಡಿದೆ.

ಅವರು ಎಲ್ಲರಿಗೂ ಬೆನ್ನು ಮಾಡಿ ಬಾವಿಯ ಹಗ್ಗ ಸುತ್ತುತ್ತಿದ್ದರು. ತಿರುಗದೆಯೇ, "ಮೆಂತ್ಯ ಕಿತ್ರೂ ನಡೀತದೆ" ಎಂದರು.

ಅವರೂನಾ! ಬಗ್ಗಿ ನೋಡಿದೆ. ಆ ಗದ್ದಲದ ನಡುವೆ ಮೆಂತ್ಯ ಮಾತ್ರ ಹುರಿ ಹಿಡಿದು ಎಳೆದಂತೆ ನೆಟ್ಟಗೆ ಸಾಲಾಗಿ ನಿಂತಿತ್ತು. ಅಷ್ಟು ದಿನ ನೀರು ಹೊಯ್ದಿದ್ದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ನೀವಾ ಅಂತೋಣಣ್ಣ?" ಎಂದಳು ಜಬೀನಾ.

"ಬೀಜ ಉಳಿದಿತ್ತು" ಎಂದರು ಅವರು. ಕಿವಿಯವರೆಗೂ ಕೆಂಪಾಗಿದ್ದರು.

ರಾಚಪ್ಪ ಮೊದಲು ನಕ್ಕ. ಪುಟ್ಟತಾಯಮ್ಮನಿಗೆ ನಗು ಹಿಡಿದರೆ ನಿಲ್ಲುವುದಿಲ್ಲ, ಹೊಟ್ಟೆ ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಜಬೀನಾಳ ತುಟಿಯೂ ಸ್ವಲ್ಪ ಅಗಲವಾಯಿತು, ಅಲ್ಲಿಂದ ಹಾಗೆಯೇ ಅಳುವಿಗೆ ತಿರುಗಿತು. ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ನಾನು ಅವಳ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟೆ. ಮೂಳೆ ಕೈಗೆ ಸಿಗುತ್ತಿತ್ತು.

"ಊಟ ಮಾಡಿದ್ದೀಯೇನೇ?" ಎಂದು ಕೇಳಿದಳು ಪುಟ್ಟತಾಯಮ್ಮ.

"ಮಾಡಿದ್ದೀನಿ."

"ಸುಳ್ಳು ಬೊಗಳಬೇಡ. ಕಿತ್ತಿದ್ದನ್ನ ಬಿಸಾಕಬೇಡ, ಇಲ್ಲಿ ಕೊಡು. ನಾಲ್ಕೂ ಸೇರಿಸಿ ಬೆರಕೆ ಸೊಪ್ಪಿನ ಸಾರು ಮಾಡ್ತೀನಿ. ಮುದ್ದೆ ತಿರುವಿ ಇಲ್ಲಿಗೇ ತರ್ತೀನಿ, ನನ್ನ ಕಣ್ಣೆದುರಿಗೇ ಉಣ್ಬೇಕು."

ಅಂತೋಣಪ್ಪ ಹಗ್ಗ ಬಿಟ್ಟು ಈ ಕಡೆ ತಿರುಗಿದರು. "ಹಾಗಾದ್ರೆ ಗುದ್ದಲಿ?" ಎಂದು ಕೇಳಿದರು. ಅವರ ದನಿಯಲ್ಲಿ ಅಷ್ಟು ಹೆದರಿಕೆಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಜಬೀನಾ ಅಂಗೈಯಿಂದ ಕಣ್ಣೊರೆಸಿಕೊಂಡಳು, ಕೆನ್ನೆಗೆಲ್ಲ ಮಣ್ಣಾಯಿತು. ಪಾತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಇದನ್ನ ಒಂದೇ ದಿನಕ್ಕೆ ಬಿಡಿಸೋಕಾಗತ್ತಾ ಅಣ್ಣ? ಬೇರು ಬೇರು ಹೆಣ್ಕೊಂಡು ಕೂತಿವೆ. ಅವಸರ ಮಾಡಿ ಎಳೆದ್ರೆ ಇರೋವೂ ಬಂದ್ಬಿಡ್ತವೆ. ದಿನಾ ಬಂದು ಒಂದೊಂದೇ ಬಿಡಿಸ್ಬೇಕು" ಎಂದಳು. ಆಮೇಲೆ ನಮ್ಮ ಕಡೆಗೆ ತಿರುಗಿ, ಹಳೆಯ ಜಬೀನಾಳ ಹಾಗೆಯೇ ಗದರಿದಳು. "ಯಾರಾದ್ರೂ ಇಷ್ಟು ಬೀಜ ಸುರೀತಾರಾ!"

ಅವಳು ಹರಿವೆಯ ಒಂದು ಎಳೆಯ ಸಸಿಯನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಅದರ ಜೊತೆ ಪಕ್ಕದ ಮೆಂತ್ಯವೂ ಅರ್ಧ ಮೇಲೆದ್ದು ಬಂತು. ಹರಿವೆಯನ್ನು ಮಡಿಲಿಗೆ ಹಾಕಿಕೊಂಡು, ಮೆಂತ್ಯದ ಬೇರನ್ನು ಮತ್ತೆ ಒಳಗೆ ಸೇರಿಸಿ, ಸುತ್ತಲೂ ಮಣ್ಣು ಒತ್ತಿದಳು. ಸಸಿ ವಾಲಿತು. ಅದು ತಾನಾಗಿ ನಿಲ್ಲುವವರೆಗೂ ಎರಡು ಬೆರಳಿನ ಆಸರೆ ಕೊಟ್ಟು ಹಾಗೆಯೇ ಕೂತಿದ್ದಳು.